ಸೆಲ್ಫ್ ರಿಪೇರಿಯೋ, ಹೊಸದೋ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮುಂಬಯಿಯ ವರ್ಸೋವಾ, ಮಢ್, ಗೊರಾಯಿಗಳಲ್ಲಿ ಬೋಟುಗಳು ದಡ ಸೇರಿ ತಾಡಪಾಲು ಹೊದೆಯುತ್ತವೆ. ಗೇಟ್‌ವೇಯಿಂದ ಮಾಂಡ್ವಾಕ್ಕೆ ಓಡುವ ಲಾಂಚುಗಳಿಗೂ ಮಳೆಗಾಲದ ರಜೆ. ಎರಡು ತಿಂಗಳು ಉಪ್ಪುಗಾಳಿ, ತೇವ, ಬೋಟಿನ ತಳದಲ್ಲಿ ನಿಂತ ನೀರು. ಆಗಸ್ಟ್ ಬಂತೆಂದು ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಒಂದು ಸದ್ದು. ಎಂಜಿನ್ ಅಲ್ಲಾಡುವುದಿಲ್ಲ.

ಅಲ್ಲಿಂದ ಚರ್ಚೆ ಶುರು. ಸೆಲ್ಫ್‌ಗೆ, ಅಂದರೆ ಸ್ಟಾರ್ಟರ್ ಮೋಟರಿಗೆ, ರಿವೈಂಡಿಂಗ್ ಮಾಡಿಸೋಣ ಎನ್ನುತ್ತಾನೆ ಮೆಕ್ಯಾನಿಕ್. ಬೋಟು ನಡೆಸುವ ತಾಂಡೇಲನಿಗೆ ಹೊಸ ಸೆಲ್ಫೇ ಬೇಕು. ದುಡ್ಡು ಕೊಡುವ ಮಾಲೀಕನಿಗೆ ಕುರ್ಲಾದಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆಂದು ಯಾರೋ ಹೇಳಿರುತ್ತಾರೆ. ಮೂವರೂ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಮಾತಾಡುತ್ತಿದ್ದಾರೆ, ಅದೇನೆಂದರೆ ಕೆಟ್ಟಿರುವುದು ಸೆಲ್ಫ್ ಎಂದು. ನನ್ನ ತಕರಾರು ಅಲ್ಲೇ. ರಿಪೇರಿಯೋ ಹೊಸದೋ ಎಂಬ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಮಲ್ಟಿಮೀಟರ್ ಮತ್ತು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಉಳಿಸಲು ಹೋಗಿ ಸಾವಿರಾರು ರೂಪಾಯಿ ಕಳೆಯುವವರೇ ಹೆಚ್ಚು.

ಒಳಗೆ ನಡೆಯುವುದೇನು

ಸೆಲ್ಫ್‌ಗೆ ಬೇಕಾದ ಕರೆಂಟು ಕೀಲಿಯ ಮೂಲಕ ಹಾದುಹೋಗುವುದಿಲ್ಲ. ಹಾಗೆ ಹೋದರೆ ಕೀಲಿ ಸುಟ್ಟೇ ಹೋದೀತು. ಕೀಲಿಯಿಂದ ಬರುವ ತೆಳು ವಯರು ಸೆಲ್ಫ್‌ನ ಬೆನ್ನ ಮೇಲೆ ಕೂತಿರುವ ಸೊಲೆನಾಯ್ಡನ್ನು ಎಬ್ಬಿಸುತ್ತದೆ, ಅಷ್ಟೆ. ಸೊಲೆನಾಯ್ಡ್ ತನ್ನೊಳಗಿನ ಕಬ್ಬಿಣದ ಪ್ಲಂಜರನ್ನು ಎಳೆದುಕೊಳ್ಳುತ್ತದೆ. ಆ ಎಳೆತಕ್ಕೆ ಫೋರ್ಕ್ ತಿರುಗಿ, ಸೆಲ್ಫ್‌ನ ಮೂತಿಯಲ್ಲಿರುವ ಪಿನಿಯನ್ ಮುಂದೆ ಸರಿದು ಫ್ಲೈವೀಲಿನ ರಿಂಗಿಗೆ ಹಲ್ಲು ಕೊಡುತ್ತದೆ. ಎಳೆತದ ಕೊನೆಯಲ್ಲಿ ತಾಮ್ರದ ದಪ್ಪ ಕಾಂಟ್ಯಾಕ್ಟುಗಳು ಕೂಡಿಕೊಂಡು ಬ್ಯಾಟರಿಯ ಕರೆಂಟು ಮೋಟರಿಗೆ ನೇರವಾಗಿ ನುಗ್ಗುತ್ತದೆ. ಹಲ್ಲು ಮೊದಲು, ಕರೆಂಟು ಆಮೇಲೆ. ಈ ಕ್ರಮ ತಪ್ಪಿದರೆ ಹಲ್ಲು ಉಳಿಯುವುದಿಲ್ಲ.

ಮೋಟರಿನಲ್ಲಿ ಫೀಲ್ಡ್ ಕಾಯಿಲ್ ಮತ್ತು ಆರ್ಮೇಚರ್ ಒಂದರ ಹಿಂದೊಂದು ಜೋಡಿಸಿರುವುದರಿಂದ, ಅದು ನಿಂತಲ್ಲಿಂದ ಹೊರಡುವ ಕ್ಷಣದಲ್ಲೇ ಅತಿ ಹೆಚ್ಚು ಬಲ ಕೊಡುತ್ತದೆ. ಕರೆಂಟನ್ನೂ ಆಗಲೇ ಅತಿ ಹೆಚ್ಚು ನುಂಗುತ್ತದೆ. ಮೂರು ಕಿಲೋವಾಟಿನ ಸೆಲ್ಫ್ ಅನ್ನೋಣ. ನಷ್ಟವನ್ನೆಲ್ಲ ಬದಿಗಿಟ್ಟರೂ 12 ವೋಲ್ಟಿನಲ್ಲಿ 250 ಆಂಪಿಯರ್ ಬೇಕು, 24 ವೋಲ್ಟಿನಲ್ಲಾದರೆ 125. ಈಗ ಹಸಿರು ಕಿಲುಬು ಹಿಡಿದ ಒಂದು ಲಗ್ ದಾರಿಯಲ್ಲಿ 0.004 ಓಮ್ ರೆಸಿಸ್ಟೆನ್ಸ್ ಒಡ್ಡಿತು ಎಂದುಕೊಳ್ಳಿ. ಸಾಮಾನ್ಯ ಮಲ್ಟಿಮೀಟರಿನ ಓಮ್ ಸ್ಕೇಲಿನಲ್ಲಿ ಇದು ಕಾಣುವುದೇ ಇಲ್ಲ. ಆದರೆ 250 ಆಂಪಿಯರ್ ಹರಿಯುವಾಗ ಅಲ್ಲೇ ಒಂದು ವೋಲ್ಟ್ ಮಾಯ, 250 ವಾಟಿನಷ್ಟು ಶಾಖ. ಹನ್ನೆರಡರಲ್ಲಿ ಒಂದು ಪಾಲು ಒಂದೇ ಲಗ್ಗಿನಲ್ಲಿ ಹೋಯಿತು. ಬೋಟಿನಲ್ಲಿ ಇಂಥ ಜೋಡಣೆಗಳು ಎಂಟು ಹತ್ತಾದರೂ ಇರುತ್ತವೆ: ಬ್ಯಾಟರಿಯ ಎರಡು ತುದಿ, ಮೇನ್ ಸ್ವಿಚ್ಚಿನ ಎರಡು ಬದಿ, ಸೊಲೆನಾಯ್ಡಿನ ಬೋಲ್ಟು, ಎಂಜಿನ್ ಬ್ಲಾಕಿನ ಅರ್ಥಿಂಗ್. ಸಮುದ್ರದ ಗಾಳಿಗೆ ಇವೆಲ್ಲ ಒಟ್ಟಿಗೇ ಹಳತಾಗುತ್ತವೆ.

ಸದ್ದನ್ನು ಕೇಳಿ

ಸೆಲ್ಫ್ ತನ್ನ ಕಾಯಿಲೆಯನ್ನು ಸದ್ದಿನಲ್ಲಿ ಹೇಳುತ್ತದೆ. ಕೀಲಿ ತಿರುಗಿಸಿದರೆ ‘ಕಟಕಟಕಟ’ ಎಂದು ಬಡಿದುಕೊಂಡರೆ ಬಹುತೇಕ ಅದು ಬ್ಯಾಟರಿಯ ದೌರ್ಬಲ್ಯ, ಇಲ್ಲವೇ ಕೇಬಲ್ಲಿನದು. ಪ್ಲಂಜರನ್ನು ಎಳೆಯಲು ಒಂದು ಸುರುಳಿ, ಎಳೆದದ್ದನ್ನು ಹಿಡಿದಿಡಲು ಇನ್ನೊಂದು. ಕಾಂಟ್ಯಾಕ್ಟ್ ಕೂಡಿದೊಡನೆ ಎಳೆಯುವ ಸುರುಳಿ ಸುಮ್ಮನಾಗುತ್ತದೆ. ಮೋಟರ್ ಕರೆಂಟು ಜಗ್ಗಿ ವೋಲ್ಟೇಜ್ ಕುಸಿದರೆ ಹಿಡಿಯುವ ಸುರುಳಿಗೆ ಶಕ್ತಿ ಸಾಲದೆ ಪ್ಲಂಜರ್ ಬಿಟ್ಟುಹೋಗುತ್ತದೆ, ಹೊರೆ ಇಳಿದು ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಈ ಹಗ್ಗಜಗ್ಗಾಟವೇ ಆ ಸದ್ದು. ಬ್ಯಾಟರಿ, ಕೇಬಲ್ ನೋಡುವ ಮೊದಲು ಸೆಲ್ಫ್ ಬಿಚ್ಚುವ ಅಗತ್ಯವಿಲ್ಲ.

ಒಂದೇ ‘ಟಕ್’, ಆಮೇಲೆ ಏನೂ ಇಲ್ಲ ಎಂದರೆ ವಿಷಯ ಬೇರೆ. ಸೊಲೆನಾಯ್ಡ್ ಎಳೆದಿದೆ, ಮೋಟರ್ ತಿರುಗಿಲ್ಲ. ಕಾಂಟ್ಯಾಕ್ಟ್ ಸುಟ್ಟಿರಬಹುದು, ಕಾರ್ಬನ್ ಬ್ರಷ್ ಸವೆದು ಮುಟ್ಟದೆ ಇರಬಹುದು. ಅಥವಾ ಎಂಜಿನ್ನೇ ಜಾಮ್ ಆಗಿರಬಹುದು. ಹಾಗಾಗಿ ಮೊದಲು ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಕೈಯಿಂದ ತಿರುಗಿಸಿ ನೋಡಬೇಕು. ಮೋಟರ್ ‘ಗುಂಯ್’ ಎಂದು ಸುತ್ತಿಯೂ ಎಂಜಿನ್ ಅಲುಗದಿದ್ದರೆ ಪಿನಿಯನ್ ಜೊತೆಗಿರುವ ಒನ್‌ವೇ ಕ್ಲಚ್ ಜಾರುತ್ತಿದೆ. ಇದನ್ನು ನಮ್ಮ ಮೆಕ್ಯಾನಿಕ್‌ಗಳು ಬೆಂಡಿಕ್ಸ್ ಹೋಗಿದೆ ಎನ್ನುತ್ತಾರೆ. ಸದ್ದೇ ಇಲ್ಲದಿದ್ದರೆ ತೆಳು ವಯರಿನ ದಾರಿ ಹಿಡಿಯಿರಿ: ಕೀಲಿ, ಫ್ಯೂಸು, ಗೇರ್ ನ್ಯೂಟ್ರಲ್‌ನಲ್ಲಿಲ್ಲದಿದ್ದರೆ ಸ್ಟಾರ್ಟ್ ತಡೆಯುವ ಸ್ವಿಚ್ಚು.

‘ಕರ್’ ಎಂದು ಹಲ್ಲು ಕಡಿಯುವ ಸದ್ದು ಬಂದರೆ ಮಾತ್ರ ಭಯಪಡಬೇಕು. ಡೀಸೆಲ್ ಎಂಜಿನ್ ಆಫ್ ಆದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ, ಕಂಪ್ರೆಷನ್ನಿನ ಒತ್ತಡ ಅದನ್ನು ಕೆಲವೇ ಜಾಗಗಳಲ್ಲಿ ತಡೆದು ನಿಲ್ಲಿಸುತ್ತದೆ. ನಾಲ್ಕು ಸಿಲಿಂಡರಿನದ್ದು ಒಂದು ಸುತ್ತಿನಲ್ಲಿ ಎರಡು ಕಡೆ, ಆರು ಸಿಲಿಂಡರಿನದ್ದು ಮೂರು ಕಡೆ. ಪಿನಿಯನ್ ವರ್ಷಗಟ್ಟಲೆ ಅದೇ ಹಲ್ಲುಗಳನ್ನು ಗುದ್ದುತ್ತದೆ. ಆದ್ದರಿಂದ ರಿಂಗು ಸುತ್ತಲೂ ಚೆನ್ನಾಗಿದ್ದು ಆ ಎರಡು ಅಥವಾ ಮೂರು ಕಡೆ ಮಾತ್ರ ಬೋಳಾಗಿರುತ್ತದೆ. ಸೆಲ್ಫ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಇಲ್ಲ. ಈ ಸ್ಥಿತಿಯಲ್ಲಿ ಹೊಸ ಸೆಲ್ಫ್ ಹಾಕಿದರೆ ಅದರ ಪಿನಿಯನ್ನೂ ಕೆಲವೇ ದಿನಗಳಲ್ಲಿ ಹಾಳು. ಬೋಟಿನಲ್ಲಿ ರಿಂಗ್ ಬದಲಿಸಲು ಗೇರ್‌ಬಾಕ್ಸನ್ನೇ ಕಳಚಬೇಕು. ಅದು ನಿಷೇಧದ ತಿಂಗಳುಗಳಲ್ಲಿ, ಬೋಟು ದಡದಲ್ಲಿರುವಾಗ ಮಾಡುವ ಕೆಲಸ. ಸೆಲ್ಫ್ ಕಳಚಿದಾಗಲೆಲ್ಲ ಆ ತೂತಿನೊಳಗೆ ಟಾರ್ಚ್ ಬಿಟ್ಟು, ಎಂಜಿನ್ನನ್ನು ಕೈಯಿಂದ ಪೂರ್ತಿ ಒಂದು ಸುತ್ತು ಹಾಕಿ ರಿಂಗು ನೋಡಿಕೊಳ್ಳಿ.

ಸದ್ದಿನಿಂದ ಅಂದಾಜಾದ ಮೇಲೆ ಮೀಟರು. ಪೂರ್ತಿ ಚಾರ್ಜಾದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ 12.6ರ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಹತ್ತರ ಹತ್ತಿರ ನಿಲ್ಲಬೇಕು. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. 24 ವೋಲ್ಟಿನ ಬೋಟಿಗೆ ಇದರ ಇಮ್ಮಡಿ. ಬ್ಯಾಟರಿ ಸರಿಯಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಸೆಲ್ಫ್‌ನ ಬೋಲ್ಟಿನ ಮೇಲೆ ಇಟ್ಟು ಯಾರಿಗಾದರೂ ಕೀಲಿ ತಿರುಗಿಸಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ನಷ್ಟ ದಾರಿಯಲ್ಲಾಗುತ್ತಿದೆ. ಹಾಗೆಯೇ ನೆಗೆಟಿವ್ ಬದಿ: ಬ್ಯಾಟರಿಯ ನೆಗೆಟಿವ್‌ನಿಂದ ಸೆಲ್ಫ್‌ನ ಮೈಗೆ. ಅಲ್ಲಿ 0.3 ದಾಟಬಾರದು. ಜನ ಪಾಸಿಟಿವ್ ಕೇಬಲ್ಲನ್ನು ಉಜ್ಜಿ ಉಜ್ಜಿ ಹೊಳೆಸುತ್ತಾರೆ, ಬಣ್ಣ ಬಳಿದ ಎಂಜಿನ್ ಬ್ಲಾಕಿನ ಮೇಲೆ ತುಕ್ಕು ಹಿಡಿದು ಕೂತ ಅರ್ಥಿಂಗ್ ಬೋಲ್ಟನ್ನು ಯಾರೂ ನೋಡುವುದಿಲ್ಲ.

ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ಬ್ಯಾಟರಿ ಬೋಲ್ಟಿಗೆ ತೆಳು ವಯರಿನ ತುದಿಯನ್ನು ಕೂಡಿಸಿ ನೋಡುವ ಅಭ್ಯಾಸ ಎಲ್ಲ ಧಕ್ಕೆಗಳಲ್ಲೂ ಇದೆ. ಕಿಡಿ ಹಾರುತ್ತದೆ, ಗೇರ್ ಹಾಕಿದ್ದರೆ ಬೋಟೇ ಮುಂದೆ ನುಗ್ಗುತ್ತದೆ. ಎಂಜಿನ್ ಕೋಣೆಯಲ್ಲಿ ಪೆಟ್ರೋಲಿನ ವಾಸನೆ ಇದ್ದರಂತೂ ಆ ಪ್ರಯೋಗದ ಯೋಚನೆಯೂ ಬೇಡ.

ಬಿಚ್ಚಿದ ಮೇಲೆ

ಇಷ್ಟಾದ ಮೇಲೂ ಬೆರಳು ಸೆಲ್ಫ್ ಕಡೆಗೇ ತೋರಿಸಿದರೆ ಕಳಚಿ, ಬಿಚ್ಚಿಸಿ. ಬಿಚ್ಚುವಾಗ ಎದುರಿಗೆ ನಿಂತಿರಿ. ರಿಪೇರಿಯೋ ಹೊಸದೋ ಎನ್ನುವುದು ಗೊತ್ತಾಗುವುದು ಬಿಲ್ಲಿನಿಂದಲ್ಲ, ಬೆಂಚಿನ ಮೇಲೆ ಹರಡಿದ ಭಾಗಗಳಿಂದ.

ಬ್ರಷ್ಷು, ಬುಷ್ಷು, ಸೊಲೆನಾಯ್ಡ್, ಬೆಂಡಿಕ್ಸ್, ಈ ನಾಲ್ಕೂ ಸವೆಯಲೆಂದೇ ಮಾಡಿದ ಭಾಗಗಳು. ಇವು ಹೋಗಿದ್ದರೆ ಸೆಲ್ಫ್ ಹೋಗಿದೆ ಎಂದು ಅರ್ಥವಲ್ಲ. ಬ್ರಷ್ಷು ಹೊಸದರ ಅರ್ಧಕ್ಕೆ ಇಳಿದಿದ್ದರೆ ಎಲ್ಲ ಬ್ರಷ್ಷುಗಳನ್ನೂ ಬದಲಿಸಿ. ಬುಷ್ಷು ಸವೆದರೆ ಆರ್ಮೇಚರ್ ಜೋಲಿ ಫೀಲ್ಡಿನ ಕಬ್ಬಿಣಕ್ಕೆ ತಾಗುತ್ತದೆ, ಮೈಮೇಲೆ ಹೊಳೆಯುವ ಗೆರೆ ಬಿದ್ದಿರುತ್ತದೆ. ಹೊಸ ಕಂಚಿನ ಬುಷ್ಷನ್ನು ಎಂಜಿನ್ ಆಯಿಲ್‌ನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಸಿ ಹಾಕಬೇಕು. ಗಿರಾಕಿಗಳ ನೂಕುನುಗ್ಗಲಿರುವ ಅಂಗಡಿಯಲ್ಲಿ ಇದನ್ನು ಯಾರೂ ಮಾಡುವುದಿಲ್ಲ, ಹೇಳಿ ಮಾಡಿಸಬೇಕು. ಸೊಲೆನಾಯ್ಡಿನ ಕಾಂಟ್ಯಾಕ್ಟನ್ನು ಅರದಿಂದ ಉಜ್ಜಿ ಮತ್ತೆ ಹಾಕುವವರಿದ್ದಾರೆ. ಕೊಲ್ಲಿಯೊಳಗೆ ಓಡುವ ದೋಣಿಗೆ ಸರಿ, ಹೊರಸಮುದ್ರಕ್ಕೆ ಹೋಗುವ ಬೋಟಿಗೆ ಹೊಸ ಸೊಲೆನಾಯ್ಡೇ ಬೇಕು.

ನಿರ್ಧಾರವಾಗುವುದು ಆರ್ಮೇಚರಿನ ಮೇಲೆ. ಕಮ್ಯುಟೇಟರ್ ಕಪ್ಪಾಗಿದ್ದರೆ, ಗೆರೆ ಬಿದ್ದಿದ್ದರೆ, ಲೇತಿನಲ್ಲಿ ಹಿಡಿದು ಪದರ ತೆಗೆದು, ತಾಮ್ರದ ಪಟ್ಟಿಗಳ ನಡುವಿನ ಮೈಕಾವನ್ನು ಅರ್ಧ ಮಿಲಿಮೀಟರಿನಷ್ಟು ತಗ್ಗಿಸಿದರೆ ಮುಗಿಯಿತು. ಎಮರಿ ಪೇಪರ್ ಬಳಸಲು ಬಿಡಬೇಡಿ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತು ತೊಂದರೆ ಕೊಡುತ್ತದೆ. ಲೇತಿಗೆ ಕೊಡುವಷ್ಟು ತಾಮ್ರ ಉಳಿದಿಲ್ಲವೆಂದಾದರೆ ಆ ಆರ್ಮೇಚರ್ ಮುಗಿಯಿತು. ಕವರಿನ ಒಳಗೋಡೆಗೆ ಬೆಸುಗೆಯ ಸೀಸ ಉಂಗುರದಂತೆ ಚಿಮ್ಮಿ ಅಂಟಿದ್ದರೆ ಅದು ಕರಗುವಷ್ಟು ಕಾದಿದೆ ಎಂಬುದಕ್ಕೆ ಸಾಕ್ಷಿ. ಸುರುಳಿಗೂ ಶಾಫ್ಟಿಗೂ ನಡುವೆ ಸೀರೀಸ್ ಬಲ್ಬು ಹೊತ್ತಿಕೊಂಡರೆ ಇನ್ಸುಲೇಷನ್ ಹೋಗಿದೆ. ಸುರುಳಿಗಳ ನಡುವಿನ ಶಾರ್ಟನ್ನು ಬಲ್ಬು ಹಿಡಿಯಲಾರದು, ಅದಕ್ಕೆ ಗ್ರೌಲರ್ ಎಂಬ ಪರೀಕ್ಷಾ ಸಾಧನ ಬೇಕು. ಗ್ರೌಲರ್ ಇಲ್ಲದ ಅಂಗಡಿಯಲ್ಲಿ ‘ಆರ್ಮೇಚರ್ ಓಕೆ’ ಎಂಬ ಮಾತಿಗೆ ಬೆಲೆ ಕಡಿಮೆ.

ಇಲ್ಲಿ ನನ್ನ ಅಭಿಪ್ರಾಯ ಖಚಿತ: ಫೀಲ್ಡ್ ಕಾಯಿಲ್‌ಗೆ ಹೊಸ ಇನ್ಸುಲೇಷನ್ ಸುತ್ತಿಸಬಹುದು, ಆರ್ಮೇಚರನ್ನು ರಿವೈಂಡ್ ಮಾಡಿಸಬಾರದು. ಕಾರಣ ಲೆಕ್ಕದಲ್ಲಿದೆ. ರಿಂಗಿನಲ್ಲಿ 130 ಹಲ್ಲು, ಪಿನಿಯನ್‌ನಲ್ಲಿ 10 ಇದ್ದರೆ ಎಂಜಿನ್ನಿನ ಒಂದು ಸುತ್ತಿಗೆ ಪಿನಿಯನ್ನಿನದು 13. ಎಂಜಿನ್ ಹೊತ್ತಿಕೊಂಡು ನಿಮಿಷಕ್ಕೆ 800 ಸುತ್ತು ತಲುಪಿದಾಗ ಕೀಲಿ ಬಿಡಲು ತಡಮಾಡಿದರೆ ಪಿನಿಯನ್ 10,400ರಲ್ಲಿರುತ್ತದೆ. ಆ ವೇಗ ಆರ್ಮೇಚರಿಗೆ ತಟ್ಟದಂತೆ ತಡೆಯುವುದೇ ಒನ್‌ವೇ ಕ್ಲಚ್ಚಿನ ಕೆಲಸ. ಕ್ಲಚ್ ಒಮ್ಮೆ ಕೈಕೊಟ್ಟರೆ, ಕೈಯಲ್ಲಿ ಸುತ್ತಿ ವಾರ್ನಿಷ್ ಬಳಿದ ತಾಮ್ರ ಹೊರಚಿಮ್ಮಿ ಕಿತ್ತುಬರುತ್ತದೆ. ಕಂಪನಿಯ ಆರ್ಮೇಚರ್ ಅದನ್ನು ಒಂದೆರಡು ಸಲವಾದರೂ ತಡೆದುಕೊಂಡೀತು. ಆರ್ಮೇಚರ್ ಹೋಗಿದ್ದು ಉಳಿದದ್ದೆಲ್ಲ ಗಟ್ಟಿಯಿದ್ದರೆ ಹೊಸ ಆರ್ಮೇಚರ್ ಕೊಂಡು ಹಾಕಿ. ಅದರ ಜೊತೆಗೆ ಬೆಂಡಿಕ್ಸೂ ಸೊಲೆನಾಯ್ಡೂ ಬೇಕಾಗಿದ್ದರೆ ಹೊಸ ಸೆಲ್ಫ್ ಕಡೆಗೆ ತಿರುಗಿ.

ಮೈ ತುಕ್ಕು ತಿಂದಿದ್ದರೂ ಅಷ್ಟೇ. ಅಲ್ಯೂಮಿನಿಯಂ ಮೂತಿಯಲ್ಲಿ ಬಿರುಕು, ಬೋಲ್ಟಿನ ತೂತು ಸಡಿಲ, ಫೀಲ್ಡ್ ಕೂರುವ ಕಬ್ಬಿಣ ಪೊರೆ ಪೊರೆಯಾಗಿ ಏಳುತ್ತಿದ್ದರೆ, ಒಳಗೆ ಎಷ್ಟು ಹೊಸ ಭಾಗ ಹಾಕಿದರೂ ಅದು ನೇರ ಕೂರುವುದಿಲ್ಲ. ಈಚೆಗಿನ ಚಿಕ್ಕ, ಹಗುರ ಸೆಲ್ಫ್‌ಗಳಲ್ಲಿ ಫೀಲ್ಡ್ ಕಾಯಿಲ್ ಬದಲು ಅಯಸ್ಕಾಂತ ಅಂಟಿಸಿರುತ್ತಾರೆ, ಒಳಗೆ ಸಣ್ಣ ಗೇರುಗಳಿರುತ್ತವೆ. ಕಡಿಮೆ ಕರೆಂಟಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಉಪ್ಪುನೀರು ಹೊಕ್ಕು ಅಯಸ್ಕಾಂತ ಬಿಟ್ಟುಬಂದರೆ ರಿಪೇರಿಗೆ ಉಳಿಯುವುದು ಏನೂ ಇಲ್ಲ.

‘ರಿಪೇರಿ ಖರ್ಚು ಹೊಸದರ ಅರ್ಧ ದಾಟಿದರೆ ಹೊಸದೇ ಕೊಳ್ಳಿ’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದು ಲಾರಿಯ ಸೂತ್ರ. ಲಾರಿಯನ್ನು ತಳ್ಳಬಹುದು. ಬೋಟಿನ ಮಟ್ಟಿಗೆ ಕೇಳಬೇಕಾದದ್ದು, ಮುಂದಿನ ಸಲ ಇದು ಕೈಕೊಟ್ಟಾಗ ನೀವು ಎಲ್ಲಿರುತ್ತೀರಿ ಎಂದು. ಹಳೆಯ ಒಂದು, ಎರಡು ಸಿಲಿಂಡರಿನ ಎಂಜಿನ್‌ಗಳಿಗೆ ಹ್ಯಾಂಡಲ್ ಇದೆ, ಕಂಪ್ರೆಷನ್ ಬಿಡುವ ಲಿವರ್ ಇದೆ. ತೋಳ್ಬಲ ಇದ್ದರೆ ಸಾಕು. ಸಸೂನ್ ಡಾಕಿನಿಂದ ಹತ್ತು ಹದಿನೈದು ದಿನಕ್ಕೆ ಹೊರಡುವ ಟ್ರಾಲರಿನ ಆರು ಸಿಲಿಂಡರ್ ಎಂಜಿನ್ನನ್ನು ಸೆಲ್ಫ್ ಇಲ್ಲದೆ ಎಬ್ಬಿಸಲಾಗದು. ಕೆಟ್ಟರೆ ಡೀಸೆಲ್ಲು, ಮಂಜುಗಡ್ಡೆ, ಆಳುಗಳ ದಿನಸಿ, ಎಲ್ಲ ನೀರುಪಾಲು, ಜೊತೆಗೆ ಇನ್ನೊಂದು ಬೋಟು ಬಂದು ಎಳೆದೊಯ್ಯುವ ಖರ್ಚು. ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಜನರನ್ನು ಕೂರಿಸಿಕೊಂಡು ಹೋಗುವ ಲಾಂಚು ನ್ಹಾವಾ ಶೇವಾ ಬಂದರಿನ ಕಂಟೇನರ್ ಹಡಗುಗಳು ಓಡಾಡುವ ನೀರಿನಲ್ಲೇ ಸಾಗಬೇಕು. ಅಲ್ಲಿ ಎಂಜಿನ್ ಒಮ್ಮೆ ನಿಂತು ಮತ್ತೆ ಹೊತ್ತದಿದ್ದರೆ ಉಳಿಸಿದ ದುಡ್ಡು ನೆನಪಿಗೆ ಬಾರದು. ಇಂಥ ಬೋಟುಗಳಿಗೆ ನಾನು ಅರ್ಧದ ಸೂತ್ರ ಒಪ್ಪುವುದಿಲ್ಲ. ಬ್ರಷ್ಷು, ಬುಷ್ಷು, ಸೊಲೆನಾಯ್ಡಿನ ಕೆಲಸಕ್ಕಿಂತ ದೊಡ್ಡದೇನಿದ್ದರೂ ಹೊಸದು.

ಲೆಕ್ಕಕ್ಕೆ ಬಾರದ ಇನ್ನೊಂದು ಖರ್ಚಿದೆ. ಸೆಲ್ಫ್ ಮೇಲೆ ನಂಬಿಕೆ ಇಲ್ಲದ ತಾಂಡೇಲ ಲಂಗರು ಹಾಕಿದಾಗಲೂ ಎಂಜಿನ್ ಆಫ್ ಮಾಡುವುದಿಲ್ಲ. ರಾತ್ರಿಯಿಡೀ ಸುಮ್ಮನೆ ಓಡುವ ಎಂಜಿನ್ ಎಷ್ಟು ಡೀಸೆಲ್ ಕುಡಿಯಿತು ಎಂದು ಒಂದು ಟ್ರಿಪ್ಪಿನ ಲೆಕ್ಕ ಹಾಕಿ ನೋಡಿ, ಅಗ್ಗದ ರಿಪೇರಿ ಅಗ್ಗವಾಗಿ ಕಾಣುವುದಿಲ್ಲ.

ಮುಂಬಯಿಯ ಬಜಾರು

ಹೊಸ ಸೆಲ್ಫ್, ಹಳೆಯದು, ಬಿಡಿಭಾಗ, ಇವೆಲ್ಲಕ್ಕೂ ಮುಂಬಯಿಯಂಥ ಊರಿಲ್ಲ. ಮೀನುಗಾರಿಕೆ ಬೋಟುಗಳಲ್ಲಿ ಹೆಚ್ಚು ಕಾಣುವ ಅಶೋಕ್ ಲೇಲ್ಯಾಂಡ್ ಎಂಜಿನ್ನುಗಳು ಲಾರಿ, ಬಸ್ಸುಗಳ ಎಂಜಿನ್ನುಗಳ ಬಳಗದವೇ. ಆದ್ದರಿಂದ ಅವುಗಳ ಸೆಲ್ಫ್‌ನ ಭಾಗಗಳು ಒಪೇರಾ ಹೌಸಿನ ಮೋಟಾರು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಬುಷ್ಷು, ಬೇರಿಂಗಿಗೆ ನಾಗದೇವಿ ಸ್ಟ್ರೀಟ್. ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಹಳೆಯ ಗಾಡಿಗಳಿಂದ ಕಳಚಿದ ಸೆಲ್ಫ್‌ಗಳು, ರೇ ರೋಡಿನ ದಾರೂಖಾನಾದಲ್ಲಿ ಒಡೆದ ಹಡಗುಗಳ ಸಾಮಾನು. ಕುರ್ಲಾದ ಮಾಲಿನ ಬಗ್ಗೆ ನನಗೆ ತಾತ್ಸಾರವಿಲ್ಲ. ಮೈ ಗಟ್ಟಿಯಿರುವ ಒಂದು ಹಳೆಯ ಸೆಲ್ಫ್ ತಂದು ಒಳಗಿನದೆಲ್ಲ ಹೊಸದು ಹಾಕಿಸಿಕೊಳ್ಳಲು ಅದು ಒಳ್ಳೆಯ ಜಾಗ. ತಂದದ್ದನ್ನು ಹಾಗೆಯೇ ಬೋಟಿಗೆ ಏರಿಸುವುದು ಮಾತ್ರ ಜೂಜು. ಬಣ್ಣ ಹೊಡೆದು ಹೊಸ ಡಬ್ಬಿಯಲ್ಲಿಟ್ಟ ಹಳೆಯದನ್ನು, ಹೆಸರಾಂತ ಕಂಪನಿಯ ಸ್ಟಿಕ್ಕರ್ ಅಂಟಿಸಿದ ನಕಲಿಯನ್ನು ಬಿಲ್ಲಿಲ್ಲದೆ ಕೊಂಡರೆ ಕೇಳುವವರಿಲ್ಲ.

ಲಾರಿಯ ಸೆಲ್ಫನ್ನೇ ಬೋಟಿಗೆ ಹಾಕಬಹುದೇ? ಮರದ ಅಥವಾ ಫೈಬರಿನ ಬೋಟು, ಡೀಸೆಲ್ ಎಂಜಿನ್, ಪಾರ್ಟ್ ನಂಬರ್ ಒಂದೇ ಆಗಿದ್ದರೆ ಹಾಕಬಹುದು, ಹಾಕುತ್ತಲೂ ಇದ್ದಾರೆ. ಎರಡು ಕಡೆ ಕೂಡದು. ಒಂದು, ಬೋಟಿನೊಳಗೆ ಕೂತ ಪೆಟ್ರೋಲ್ ಎಂಜಿನ್. ಬ್ರಷ್ಷಿನ ಕಿಡಿ ಹೊರಗಿನ ಆವಿಗೆ ತಾಗದಂತೆ ಮಾಡಿದ ಮರೈನ್ ಸೆಲ್ಫೇ ಅಲ್ಲಿ ಬೇಕು, ಕಾರಿನದ್ದು ಹಾಕಿದರೆ ಸ್ಫೋಟಕ್ಕೆ ದಾರಿ. ಇನ್ನೊಂದು, ಉಕ್ಕಿನ ಅಥವಾ ಅಲ್ಯೂಮಿನಿಯಂ ಹಡಗುಗಳಲ್ಲಿ ಕರೆಂಟು ಮೈಯಲ್ಲಿ ಹರಿದು ಲೋಹ ತಿನ್ನದಿರಲೆಂದು ನೆಗೆಟಿವ್‌ಗೂ ಬೇರೆ ಬೋಲ್ಟ್ ಇರುವ ಸೆಲ್ಫ್ ಹಾಕಿರುತ್ತಾರೆ. ಅದರ ಜಾಗಕ್ಕೆ ಅಂಥದ್ದೇ ಬರಬೇಕು.

ಔಟ್‌ಬೋರ್ಡ್‌ನ ಸೆಲ್ಫ್ ಚಿಕ್ಕದು, ಲೆಕ್ಕವೂ ಚಿಕ್ಕದು. ಹಲವುಗಳಲ್ಲಿ ಪಿನಿಯನ್ ತನ್ನ ವೇಗಕ್ಕೇ ತಿರುಪಿನ ಮೇಲೆ ಮೇಲೇರಿ ರಿಂಗು ಹಿಡಿಯುತ್ತದೆ. ಆ ತಿರುಪಿಗೆ ದಪ್ಪ ಗ್ರೀಸ್ ಬಳಿದರೆ ಅಂಟಿಕೊಂಡು ಏರುವುದಿಲ್ಲ. ಚೊಕ್ಕ ಮಾಡಿದರೆ ಎಷ್ಟೋ ಸಲ ಅಷ್ಟೇ ಸಾಕು. ಸಣ್ಣ ಔಟ್‌ಬೋರ್ಡನ್ನು ಹಗ್ಗದಿಂದಲೂ ಎಳೆಯಬಹುದು, ಹಾಗಾಗಿ ಅದರ ಸೆಲ್ಫನ್ನು ಕೊನೆಯ ಉಸಿರಿನವರೆಗೂ ರಿಪೇರಿ ಮಾಡಿಸಿದರೆ ತಪ್ಪಿಲ್ಲ.

ಟ್ರಾಲರು, ಲಾಂಚುಗಳಿಗೆ ಸೂಕ್ತವಾದದ್ದು ಎರಡೂ: ಹೊಸದನ್ನು ಎಂಜಿನ್ನಿಗೆ ಹಾಕಿ, ಹಳೆಯದನ್ನು ಪೂರ್ತಿ ರಿಪೇರಿ ಮಾಡಿಸಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೋಟಿನಲ್ಲೇ ಇಟ್ಟುಕೊಳ್ಳುವುದು. ಕಳಚಿ ಜೋಡಿಸುವುದನ್ನು ಬೋಟಿನಲ್ಲೇ ಇರುವ ಒಬ್ಬ ಕಲಿತಿರಬೇಕು. ಹೊಸದು ಯಾಕೆ ಬೇಕಾಯಿತು ಎಂಬುದನ್ನೂ ಹುಡುಕಬೇಕು. ಮೇಲಿನ ಪೈಪಿನಿಂದ ಸೆಲ್ಫ್ ಮೇಲೆಯೇ ಉಪ್ಪುನೀರು ತೊಟ್ಟಿಕ್ಕುತ್ತಿರುವುದು ಸಾಮಾನ್ಯ. ಎಂಜಿನ್ ಹೊತ್ತದೆ ಹಟ ಹಿಡಿದಾಗ ಒಂದೇ ಸಮ ಸೆಲ್ಫ್ ಹೊಡೆಯುವುದು ಇನ್ನೂ ಸಾಮಾನ್ಯ. ಮಿತಿ ಇಷ್ಟೇ: ಒಂದು ಸಲಕ್ಕೆ ಹತ್ತು ಸೆಕೆಂಡ್, ನಡುವೆ ಒಂದೆರಡು ನಿಮಿಷ ಬಿಡುವು. ಸ್ಪೀಡ್‌ಬೋಟು, ಯಾಟುಗಳಲ್ಲಿ ಎಕ್ಸಾಸ್ಟಿಗೆ ಸಮುದ್ರದ ನೀರು ಬೆರೆಸಿ ಬಿಡುತ್ತಾರೆ. ಅಲ್ಲಿ ಎಂಜಿನ್ ಹೊತ್ತದೆ ಸೆಲ್ಫ್ ಹೊಡೆಯುತ್ತಲೇ ಇದ್ದರೆ ಮಫ್ಲರ್ ತುಂಬಿ ನೀರು ಸಿಲಿಂಡರಿಗೇ ಹಿಂದಿರುಗುತ್ತದೆ. ಎರಡು ಮೂರು ಸಲಕ್ಕೆ ಹೊತ್ತದಿದ್ದರೆ ನೀರಿನ ವಾಲ್ವ್ ಮುಚ್ಚಿ, ಹೊತ್ತಿದೊಡನೆ ತೆರೆಯಿರಿ.

ಮಲ್ಪೆ, ಮಂಗಳೂರುಗಳಲ್ಲಿ ಬೋಟು ಇಟ್ಟವರು ಮುಂಬಯಿಯ ಬಂಧುಗಳಿಗೆ ಫೋನ್ ಮಾಡಿ ‘ಅಲ್ಲಿಂದ ಒಂದು ಸೆಲ್ಫ್ ಕಳಿಸು ಮಾರಾಯ’ ಎನ್ನುವುದುಂಟು. ಎಂಜಿನ್ನಿನ ಹೆಸರು ಹೇಳಿದರೆ ಸಾಲದು. ಸೆಲ್ಫ್‌ನ ಮೈಮೇಲಿನ ಫಲಕದ ಫೋಟೊ ತರಿಸಿಕೊಳ್ಳಿ, ಪಾರ್ಟ್ ನಂಬರ್ ಕಾಣಬೇಕು. ಅಕ್ಷರ ತುಕ್ಕಿನಲ್ಲಿ ಅಳಿಸಿದ್ದರೆ 12 ವೋಲ್ಟೋ 24 ವೋಲ್ಟೋ, ಪಿನಿಯನ್ ಕಡೆಯಿಂದ ನೋಡಿದಾಗ ಎಡಕ್ಕೆ ತಿರುಗುತ್ತದೋ ಬಲಕ್ಕೋ, ಪಿನಿಯನ್ನಿಗೆ ಎಷ್ಟು ಹಲ್ಲು, ಅದರ ಹೊರಸುತ್ತಿನ ಅಳತೆ, ಬೋಲ್ಟಿನ ತೂತು ಎರಡೋ ಮೂರೋ, ಅವುಗಳ ನಡುವಿನ ಅಂತರ, ಇಷ್ಟನ್ನೂ ಬರೆಸಿಕೊಳ್ಳಿ. ಒಂದು ಹಲ್ಲು ಹೆಚ್ಚುಕಮ್ಮಿಯಾದರೂ ಅದು ರಿಂಗನ್ನು ತಿನ್ನುತ್ತದೆ. ಅಷ್ಟೂ ಖಚಿತವಾಗದಿದ್ದರೆ ಹಳೆಯ ಸೆಲ್ಫನ್ನೇ ಗೋಣಿಯಲ್ಲಿ ಕಟ್ಟಿ ರಾತ್ರಿ ಬಸ್ಸಿಗೆ ಹಾಕಲು ಹೇಳಿ. ಅಂಗಡಿಯ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕೊಡಿ.